ಹೆಂಚಿನ ಮೇಲೆ ಬಿದ್ದ ಹಲ್ಲು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ನನ್ನ ಅತ್ತೆ, ಅಪ್ಪನ ಅಕ್ಕ. ನನಗೆ ದಂತ ವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ ಎಂದು ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು ಬೀದಿಗೆಲ್ಲ ಕೇಳುವಂತೆ ಹೇಳಿದಾಗ ಅತ್ತೆ ಪಕ್ಕದ ಮನೆಯ ಜಗಲಿಯಲ್ಲಿ ರಾಟೆ ಇಟ್ಟುಕೊಂಡು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಒಂದು ಮೊಳ ನೂಲಲ್ಲಿ ನಾನ್ ಮಾಡೋ ಕೆಲಸಕ್ಕೆ ಈ ಅಮ್ಮಿಣಿ ಐದು ವರ್ಷ ಓದ್ತಾಳಂತೆ," ಎಂದಳು. "ಓದಿ ಮುಗ್ಸೋದೂ ಇಲ್ಲ, ಮುಗ್ಸಿದ್ರೂ ಇವಳ ಮುಂದೆ ಯಾರೂ ಬಾಯಿ ತೆಗೆಯೋದೂ ಇಲ್ಲ."

ಅಮ್ಮಿಣಿ ಎಂದರೆ ನಮ್ಮ ಕಡೆ ಹುಡುಗಿ, ಅವಳು ನನ್ನನ್ನು ಕರೆಯುತ್ತಿದ್ದದ್ದು ಹಾಗೇ. ಅವಳ ಮಾತಿಗೆ ಕಾರಣವಿತ್ತು. ಕೊಯಮತ್ತೂರಿನ ಹತ್ತಿರದ ಊರು ನೆಗಮಂನ ನಮ್ಮ ನೇಕಾರರ ಬೀದಿಗೆ ಹಲ್ಲಿನ ಡಾಕ್ಟರು ಅವಳೇ. ಯಾವ ಮಗುವಿನ ಹಲ್ಲು ಅಲ್ಲಾಡಿದರೂ ತಾಯಂದಿರು ಕೈಹಿಡಿದು ಕರೆತರುತ್ತಿದ್ದದ್ದು ಅವಳ ಜಗಲಿಗೇ. ಮಗ್ಗಕ್ಕೆ ಬಳಸುವ ಹತ್ತಿನೂಲನ್ನು ಎರಡೆಳೆ ಹುರಿ ಮಾಡಿ, ಕಡಿದ ಎಳೆಗಳನ್ನು ಜೋಡಿಸುವಾಗ ಹಾಕುವ ಅದೇ ಗಂಟನ್ನು ಹಲ್ಲಿನ ಕುತ್ತಿಗೆಗೆ ಹಾಕುತ್ತಿದ್ದಳು. ನಿನ್ನೆ ಯಾರ ಮನೆಯಲ್ಲಿ ಏನು ಸಾರು ಎಂದು ಮಗುವನ್ನು ಕೇಳುತ್ತಿದ್ದಳು. ಮಗು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಲ್ಲು ನೂಲಿನ ತುದಿಯಲ್ಲಿ ತೂಗಾಡುತ್ತಿತ್ತು. ಆಮೇಲೆ ಅದನ್ನು ಮನೆಯ ಮೇಲೆ ಎಸೆಯುವ ಶಾಸ್ತ್ರ. ಹಾಗೆ ಎಸೆದರೆ ಹೊಸ ಹಲ್ಲು ನೆಟ್ಟಗೆ, ಬೇಗ ಬರುತ್ತದೆ ಎಂಬ ನಂಬಿಕೆ. ಬೀದಿಯ ಮನೆಗಳೆಲ್ಲ ಒಂದೊಂದಾಗಿ ಕಾಂಕ್ರೀಟ್ ತಾರಸಿಯಾದವು. ಅತ್ತೆಯ ಮನೆಯೂ ಆಯಿತು. ಹೆಂಚು ಉಳಿದದ್ದು ನಮ್ಮ ಮನೆಗೆ ಮಾತ್ರ. ತಾರಸಿಯ ಮೇಲೆ ಎಸೆದರೆ ಶಾಸ್ತ್ರ ಆಗುವುದಿಲ್ಲ ಎಂದು ತೀರ್ಮಾನಿಸಿದ ಅತ್ತೆ, ಬೀದಿಯ ಎಲ್ಲ ಮಕ್ಕಳ ಹಲ್ಲನ್ನೂ ನಮ್ಮ ಮನೆಯ ಮೇಲೆಯೇ ಎಸೆಯತೊಡಗಿದಳು. ನಮ್ಮ ಮನೆಗೆ ಬೆನ್ನು ಮಾಡಿ ನಿಂತು, ಕಣ್ಣು ಮುಚ್ಚಿ, ತಲೆಯ ಮೇಲಿಂದ ಹಿಂದಕ್ಕೆ ಒಂದೇ ಬೀಸು. ನನ್ನ ಹಾಲುಹಲ್ಲುಗಳೆಲ್ಲ ಅಲ್ಲಿಗೇ ಹೋದವು.

ಆದ್ದರಿಂದ ನಾನು ಹಲ್ಲಿನ ಡಾಕ್ಟರಾಗುವುದು ಅವಳಿಗೆ ತನ್ನ ಅಂಗಡಿಯ ಎದುರೇ ಇನ್ನೊಂದು ಅಂಗಡಿ ಇಟ್ಟ ಹಾಗೆ ಕಂಡಿರಬೇಕು.

ಅವಳ ಮಾತಿನಲ್ಲಿ ಅರ್ಧ ಕುಚೋದ್ಯ, ಅರ್ಧ ನಿಜ. ನಮ್ಮ ಮನೆಯಲ್ಲಿ ಅಪ್ಪ ಎಂಟನೇ ತರಗತಿ, ಅಮ್ಮ ಐದನೇ ತರಗತಿ. ಕಾಲೇಜಿನ ಮೆಟ್ಟಿಲು ಹತ್ತಿದವರು ಅಪ್ಪನ ಕಡೆ ಅಮ್ಮನ ಕಡೆ ಒಬ್ಬರೂ ಇಲ್ಲ. ನಾನು ಸರ್ಕಾರಿ ಶಾಲೆಯಲ್ಲಿ ತಮಿಳಿನಲ್ಲೇ ಪ್ಲಸ್ ಟೂ ಮುಗಿಸಿದವಳು. ನೀಟ್ ಪರೀಕ್ಷೆಯಲ್ಲಿ ಮೊದಲ ಸಲ ಬಿದ್ದೆ. ಎರಡನೇ ಸಲ ಒಂದು ವರ್ಷ ಮನೆಯಲ್ಲೇ ಕೂತು ಓದಿದೆ. ಮಗ್ಗದ ಸದ್ದು ನಿಂತರೆ ನನಗೆ ಓದು ತಲೆಗೆ ಹತ್ತುತ್ತಿರಲಿಲ್ಲ. ಅಪ್ಪ ಊಟಕ್ಕೆ ಎದ್ದರೆ ನಾನೂ ಪುಸ್ತಕ ಮುಚ್ಚಿ ಏಳುತ್ತಿದ್ದೆ. ಸರ್ಕಾರಿ ಶಾಲೆಯ ಮಕ್ಕಳಿಗೆಂದು ಮೀಸಲಿಟ್ಟ ಸೀಟುಗಳಲ್ಲಿ ಒಂದು ನನಗೆ ಬಂತು. ಮೀಸಲು ಸೀಟು ಎಂದು ಮೂಗು ಮುರಿದವರನ್ನೂ ನೋಡಿದ್ದೇನೆ. ಮುರಿದುಕೊಳ್ಳಲಿ. ಆ ಸೀಟಿನಲ್ಲಿ ಕೂತು ಓದಿದವಳು ನಾನೇ.

ಮೊದಲ ವರ್ಷ ಕೊಯಮತ್ತೂರಿನ ಆ ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷ್. ನನಗೆ ಅರ್ಥವಾಗುತ್ತಿದ್ದದ್ದು ಗೋಡೆಯ ಮೇಲಿನ ಚಿತ್ರಗಳು ಮಾತ್ರ. ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಿದ್ದವಳು ಮೈಸೂರಿನ ಕಡೆಯವಳು. ನಾನು ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ, ನೀನು ಆಡುವುದು ಕನ್ನಡವೋ ತಮಿಳೋ ಎಂದು ನಗುತ್ತಿದ್ದಳು. ಕನ್ನಡವೇ ಎಂದರೆ, ಹಾಗಾದರೆ ಬರೆದು ತೋರಿಸು ಎಂದಳು. ಬರೆಯಲು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕನ್ನಡ ಬಾಯಲ್ಲಷ್ಟೇ ಇತ್ತು, ಕಾಗದದ ಮೇಲೆ ಇರಲಿಲ್ಲ. ಅವಳು ನನಗೆ ಅಕ್ಷರ ಕಲಿಸಿದಳು, ನಾನು ಅವಳಿಗೆ ಸಿಟಿ ಬಸ್ಸಿನ ಬೋರ್ಡಿನಲ್ಲಿರುವ ತಮಿಳು ಓದಲು ಕಲಿಸಿದೆ. ಈಗ ನಾನು ಇದನ್ನು ಬರೆಯುತ್ತಿರುವುದು ಆ ಕೊಡುಕೊಳ್ಳುವಿಕೆಯಿಂದ.

ತಿಂಗಳಿಗೊಮ್ಮೆ ಊರಿಗೆ ಹೋದರೆ ಅತ್ತೆ ಜಗಲಿಯಿಂದಲೇ ವಿಚಾರಿಸುತ್ತಿದ್ದಳು. ಎಷ್ಟು ಹಲ್ಲು ಕಿತ್ತೆ ಎಂದು ಕೇಳುವಳು. ಮೊದಲ ವರ್ಷ ಒಂದೂ ಇಲ್ಲ ಎಂದೆ. ಎರಡನೇ ವರ್ಷವೂ ಇಲ್ಲ, ಮೇಣದಲ್ಲಿ ಹಲ್ಲು ಕೆತ್ತುವುದನ್ನು ಕಲಿಸುತ್ತಿದ್ದಾರೆ ಎಂದೆ. ಅವಳು ಪಕ್ಕದ ಮನೆಯವಳನ್ನು ಕರೆದು, ಕೇಳಿದೆಯೇನೇ, ಎರಡು ವರ್ಷದಿಂದ ಮೇಣದ ಬೊಂಬೆ ಮಾಡುತ್ತಿದ್ದಾಳಂತೆ ಎಂದು ಹೇಳಿ ನಕ್ಕಳು. ನಾನೂ ನಕ್ಕೆ. ಆದರೆ ಒಳಗೆ ಒಂದು ಮುಳ್ಳು ಹಾಗೇ ಇತ್ತು. ಊರಲ್ಲಿ ಯಾರಿಗಾದರೂ ಹಲ್ಲುನೋವು ಬಂದರೆ ನಾನು ಮನೆಯಲ್ಲಿದ್ದಾಗಲೂ ಅತ್ತೆಯ ಬಳಿಗೇ ಹೋಗಿ ಲವಂಗ ಕೇಳುತ್ತಿದ್ದರು.

ಐದನೇ ವರ್ಷ ಇಂಟರ್ನ್‌ಶಿಪ್. ಮಕ್ಕಳ ಹಲ್ಲಿನ ವಿಭಾಗಕ್ಕೆ ಹಾಕಿದರು. ಅಲ್ಲಿಗೆ ಸೈಕಲ್‌ನಿಂದ ಬಿದ್ದವರು, ಉಯ್ಯಾಲೆಯ ಹಲಗೆ ಬಡಿದವರು, ಅಣ್ಣತಮ್ಮಂದಿರ ಜಗಳದಲ್ಲಿ ಮುಂದಿನ ಹಲ್ಲು ಕಳೆದುಕೊಂಡವರು ಬರುತ್ತಿದ್ದರು. ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿನಿಂದ ಬಂದ ಒಬ್ಬ ತಂದೆ, ಮಗಳ ಬಿದ್ದ ಹಲ್ಲನ್ನು ಸೋಪು ಹಾಕಿ ಬ್ರಷ್‌ನಲ್ಲಿ ತಿಕ್ಕಿ ತೊಳೆದು, ಒಣ ಹತ್ತಿಯಲ್ಲಿ ಸುತ್ತಿ, ಚಿನ್ನದ ಅಂಗಡಿಯ ಪುಟ್ಟ ಡಬ್ಬಿಯಲ್ಲಿಟ್ಟು ತಂದಿದ್ದರು. ನೋಡಲು ಮುತ್ತಿನಂತಿತ್ತು. ಅದು ಉಳಿಯುವ ಆಸೆ ಇರಲಿಲ್ಲ. ಬೇರಿನ ಮೇಲೆ ಕಣ್ಣಿಗೆ ಕಾಣದ ತೆಳುವಾದ ಜೀವದ ಪದರವಿರುತ್ತದೆ, ಅದು ಒಣಗಿದರೆ, ತಿಕ್ಕಿದರೆ ಸತ್ತುಹೋಗುತ್ತದೆ. ಹಲ್ಲು ಮತ್ತೆ ದವಡೆಗೆ ಅಂಟಿಕೊಳ್ಳಲು ಬೇಕಾದದ್ದೇ ಆ ಪದರ. ಮುತುವರ್ಜಿ ಹೆಚ್ಚಾಗಿ ಹಲ್ಲು ಹೋಯಿತು ಎಂದು ಆ ತಂದೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವರು ಡಬ್ಬಿಯನ್ನು ಮುಚ್ಚಿ ಜೇಬಿಗೆ ಹಾಕಿಕೊಂಡ ರೀತಿ ಇಂದಿಗೂ ನೆನಪಿದೆ.

ಅಂದು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ನಮ್ಮನ್ನೆಲ್ಲ ಕೂರಿಸಿ ಹೇಳಿದರು: ಇಂಥ ಹಲ್ಲನ್ನು ಉಳಿಸುವವರು ನಾವಲ್ಲ, ಬಿದ್ದ ಜಾಗದಲ್ಲಿ ಪಕ್ಕದಲ್ಲಿ ನಿಂತಿರುವವರು. ಮೊದಲ ಅರ್ಧ ಗಂಟೆ ಅವರ ಕೈಯಲ್ಲಿದೆ, ಹಲ್ಲನ್ನು ಮತ್ತೆ ಗುಳಿಗೆ ಕೂರಿಸಬೇಕು, ಆಗದಿದ್ದರೆ ಒಣಗದಂತೆ ಹಸಿ ಹಾಲಿನಲ್ಲಿಡಬೇಕು. ಊರಿಗೆ ಹೋದಾಗ ಹತ್ತು ಜನಕ್ಕೆ ಹೇಳಿ.

ನಾನು ಊರಿಗೆ ಹೋದಾಗ ಹೇಳಿದೆ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿದ್ದ ಹಲ್ಲನ್ನು ಮತ್ತೆ ನೆಡುತ್ತಾರಂತೆ, ಬದನೆ ಸಸಿಯೇ ಎಂದು ಕೇಳಿದಳು.

ಆ ವರ್ಷದ ಮೇ ತಿಂಗಳ ರಜೆಗೆ ಅತ್ತೆಯ ಮೊಮ್ಮಗಳು ಬಂದಿದ್ದಳು. ಮಗಳ ಮಗಳು. ಅವಳ ಅಪ್ಪ ಅಮ್ಮ ಇಬ್ಬರಿಗೂ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯಲ್ಲಿ ಕೆಲಸ. ಹುಡುಗಿಗೆ ಒಂಬತ್ತು ವರ್ಷ. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ನಗುವಾಗ ಮೇಲಿನ ಎರಡು ಮುಂದಿನ ಹಲ್ಲು ಹೊಸ ಬಾಗಿಲಿನ ಹಾಗೆ ದೊಡ್ಡದಾಗಿ ಕಾಣುತ್ತಿದ್ದವು. ಬಂದ ವಾರದಲ್ಲೇ ಅವಳ ದವಡೆಯ ಒಂದು ಹಾಲುಹಲ್ಲನ್ನು ಅತ್ತೆ ನೂಲು ಕಟ್ಟಿ ಕಿತ್ತು ನಮ್ಮ ಹೆಂಚಿನ ಮೇಲೆ ಎಸೆದಿದ್ದಳು. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ಒಂದು ಭಾನುವಾರ ಬೆಳಿಗ್ಗೆ. ನಾನು ಶನಿವಾರವೇ ಊರಿಗೆ ಬಂದಿದ್ದೆ. ನಮ್ಮ ಬೀದಿಯಲ್ಲಿ ಬಿಸಿಲೇರುವ ಮುಂಚೆ ಪಾವು ಹಾಕುತ್ತಾರೆ. ಅಂದರೆ ಸೀರೆಗೆ ಬೇಕಾದ ಉದ್ದದ ನೂಲನ್ನೆಲ್ಲ ಬೀದಿಯುದ್ದಕ್ಕೂ ಮರದ ಕತ್ತರಿಗಾಲುಗಳ ಮೇಲೆ ಚಾಚಿ, ಗಂಜಿ ಬಳಿದು, ಕುಂಚದಿಂದ ಬಾಚುವುದು. ಅಪ್ಪ ಒಂದು ತುದಿಯಲ್ಲಿ, ಬೀದಿಯ ಇನ್ನಿಬ್ಬರು ಇನ್ನೊಂದು ತುದಿಯಲ್ಲಿ. ಮಕ್ಕಳು ಆ ನೂಲಿನ ಚಪ್ಪರದ ಕೆಳಗೆ ನುಸುಳಿ ಆಡುವುದು ನಾವು ಚಿಕ್ಕವರಿದ್ದಾಗಿನಿಂದಲೂ ಇದ್ದದ್ದೇ. ಆದರೆ ನಾವು ನುಸುಳುತ್ತಿದ್ದದ್ದು ಕಾಲಲ್ಲಿ, ಇವಳು ಸೈಕಲ್‌ನಲ್ಲಿ ನುಸುಳಲು ಹೋದಳು. ನೂಲಿಗೆ ತಾಗದಂತೆ ತಲೆ ಬಗ್ಗಿಸಿದಳು. ಬಗ್ಗಿಸಿದ ಬಾಯಿ ನೇರವಾಗಿ ಮರದ ಕಾಲಿಗೆ ಬಡಿಯಿತು.

ನಾನು ಸ್ನಾನ ಮಾಡುತ್ತಿದ್ದೆ. ಗದ್ದಲ ಕೇಳಿಸಿತು, ಪಾವು ಕಡಿಯಿತೇನೋ ಎಂದುಕೊಂಡೆ. ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಹುಡುಗಿ ಅತ್ತೆಯ ಜಗಲಿಯ ಮೇಲೆ ಕೂತು ಬಿಕ್ಕುತ್ತಿದ್ದಳು. ಬಾಯಿ ತೊಳೆಸಿಯಾಗಿತ್ತು. ತುಟಿ ಊದಿತ್ತು. ಅತ್ತೆ ಒಂದು ಕೈಯಲ್ಲಿ ಕಾಫಿಪುಡಿಯ ಡಬ್ಬ ಹಿಡಿದಿದ್ದಳು. ನನ್ನನ್ನು ನೋಡಿ, ಗಾಬರಿ ಏನಿಲ್ಲ, ಒಂದು ಹಲ್ಲು ಬಿತ್ತು, ಶಾಸ್ತ್ರವೂ ಆಯಿತು, ಇನ್ನು ಪುಡಿ ಹಚ್ಚಿದರೆ ರಕ್ತ ನಿಲ್ಲುತ್ತದೆ ಎಂದಳು.

ಪುಡಿ ಬೇಡ ಎಂದು ಡಬ್ಬ ಇಸಿದುಕೊಂಡೆ. ಹುಡುಗಿಗೆ ಎಚ್ಚರ ತಪ್ಪಿತ್ತೇ, ವಾಂತಿ ಆಯಿತೇ ಎಂದು ಕೇಳಿದೆ. ಇಲ್ಲ. ದವಡೆ ಆಡಿಸಲು ಹೇಳಿದೆ, ಆಡಿಸಿದಳು. ಬಾಯಿ ತೆರೆಸಿ ನೋಡಿದೆ. ಆ ಎರಡು ಹೊಸ ಬಾಗಿಲುಗಳಲ್ಲಿ ಒಂದು ಇರಲಿಲ್ಲ. ಅಲ್ಲಿ ಕೆಂಪಗೆ ಒಂದು ಗುಳಿ.

ಅದು ಹಾಲುಹಲ್ಲಲ್ಲ. ಏಳು ದಾಟಿದ ಮೇಲೆ ಬಂದ, ಸಾಯುವವರೆಗೂ ಇರಬೇಕಾದ ಹಲ್ಲು. ಅದರ ಹಿಂದೆ ಬರಲು ಇನ್ನೊಂದಿಲ್ಲ.

"ಅತ್ತೆ, ಹಲ್ಲೆಲ್ಲಿ?" ಎಂದೆ.

"ಎಲ್ಲಿರ್ತದೆ? ನಿಮ್ಮನೆ ಹಂಚಿನ ಮೇಲೆ."

"ಅತ್ತೆ, ಅದು ಮತ್ತೆ ಬರೋ ಹಲ್ಲಲ್ಲ."

ಅತ್ತೆ ನನ್ನ ಮುಖ ನೋಡಿದಳು. ನಾನು ಕುಚೋದ್ಯ ಮಾಡುತ್ತಿದ್ದೇನೆಯೋ ಎಂದು ಮೊದಲು ನೋಡಿದಳು, ಆಮೇಲೆ ಮೊಮ್ಮಗಳ ಬಾಯಿ ನೋಡಿದಳು. ಹೋದ ವಾರ ಕಿತ್ತದ್ದು ಬರುವ ಹಲ್ಲಲ್ಲವೇ, ಇದೂ ಹಾಗೇ ಅಲ್ಲವೇ ಎಂದು ಮೆಲ್ಲಗೆ ಕೇಳಿದಳು. ಅಲ್ಲ ಎಂದೆ. ಅವಳು ಜಗಲಿಯ ಕಂಬ ಹಿಡಿದುಕೊಂಡು ಕೂತುಬಿಟ್ಟಳು.

ಬಿದ್ದು ಎಷ್ಟು ಹೊತ್ತಾಯಿತು ಎಂದು ಅಪ್ಪನನ್ನು ಕೇಳಿದೆ. ಹತ್ತು ನಿಮಿಷ ಆಗಿರಬಹುದು ಎಂದ. ಪಾವನ್ನು ಅರ್ಧಕ್ಕೆ ಬಿಡುವಂತಿಲ್ಲ, ಗಂಜಿ ಒಣಗಿದರೆ ನೂಲು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆದರೂ ಅಪ್ಪ ಕುಂಚ ಕೆಳಗಿಟ್ಟು ಎದುರು ಮನೆಯ ಏಣಿ ತಂದ. ನಾನು ಅಮ್ಮನಿಗೆ, ಇನ್ನೂ ಕಾಯಿಸದ ಪ್ಯಾಕೆಟ್ ಹಾಲು ಇದ್ದರೆ ಒಂದು ತೊಳೆದ ಲೋಟಕ್ಕೆ ಹಾಕಿಡು, ಸಕ್ಕರೆ ಗಿಕ್ಕರೆ ಹಾಕಬೇಡ ಎಂದು ಹೇಳಿ ಏಣಿ ಹತ್ತಿದೆ. ಏಣಿಯ ಕೊನೆಯ ಮೆಟ್ಟಿಲಲ್ಲಿ ತಲೆಯ ಟವೆಲ್ ಬಿಚ್ಚಿಕೊಂಡು ಅಪ್ಪನ ಮುಖದ ಮೇಲೆ ಬಿತ್ತು. ಅಪ್ಪ ಟವೆಲ್ ತೆಗೆಯದೆಯೇ, ಹೆಂಚು ಒಡೆದರೆ ಒಡೆಯಲಿ, ನೀನು ನೋಡಿಕೊಂಡು ಕಾಲಿಡು ಎಂದ.

ಹುಟ್ಟಿ ಬೆಳೆದ ಮನೆಯ ಮೇಲೆ ನಾನು ಅದುವರೆಗೂ ಹತ್ತಿದವಳಲ್ಲ. ಬೆಳಗಿನ ತಂಪು ಇನ್ನೂ ಹೆಂಚಿನಲ್ಲಿತ್ತು, ಅದೊಂದು ಪುಣ್ಯ. ಮೇ ತಿಂಗಳ ಮಧ್ಯಾಹ್ನದ ಬಿಸಿಲಾಗಿದ್ದರೆ ಹಲ್ಲು ಹುರಿದುಹೋಗುತ್ತಿತ್ತು. ತೆವಳಿಕೊಂಡು ಹೆಂಚಿನ ಸಾಲುಗಳ ನಡುವೆ ಬೆರಳಾಡಿಸಿದೆ. ಬೇವಿನ ಎಲೆ, ಒಂದು ಶಟಲ್ ಕಾಕ್, ಪಟದ ಬಾಲ. ಆಮೇಲೆ ಒಂದು ಹಲ್ಲು. ಸಿಕ್ಕಿತು ಎಂದು ಕೂಗಿದೆ. ಕೆಳಗೆ ಬೀದಿಯೇ ಕೂಗಿತು. ತಿರುಗಿಸಿ ನೋಡಿದರೆ ಬೇರಿಲ್ಲ, ಹಳದಿಯಾಗಿ ಒಣಗಿದೆ. ಯಾವುದೋ ಮಗುವಿನ ಹಳೆಯ ಹಾಲುಹಲ್ಲು. ಬಿದ್ದ ಹಾಲುಹಲ್ಲಿನ ಬೇರು ಕರಗಿಹೋಗಿರುತ್ತದೆ, ಟೋಪಿಯಂತೆ ತಲೆ ಮಾತ್ರ ಉಳಿದಿರುತ್ತದೆ. ಇದಲ್ಲ ಎಂದೆ. ಇನ್ನೊಂದು ಸಿಕ್ಕಿತು, ಅದೂ ಅಲ್ಲ. ಮೂರು, ನಾಲ್ಕು. ಬೀದಿಯ ಮಕ್ಕಳ ಬಾಲ್ಯವೆಲ್ಲ ನಮ್ಮ ಹೆಂಚಿನ ಸಂದಿಯಲ್ಲಿ ಶೇಖರವಾಗಿತ್ತು. ಪ್ರತಿ ಸಲ ನಾನು ಸಿಕ್ಕಿತು ಎನ್ನುವುದು, ಕೆಳಗಿನವರು ಕೂಗುವುದು, ನಾನು ಇದಲ್ಲ ಎನ್ನುವುದು. ಹುಡುಗಿ ಅಳು ನಿಲ್ಲಿಸಿ, ಊದಿದ ತುಟಿಯಲ್ಲೇ ನಗಲು ಶುರುಮಾಡಿದಳು.

ಹೊತ್ತು ಓಡುತ್ತಿತ್ತು. ನಾನು ಮೇಲಿಂದ ಬಗ್ಗಿ, ಅತ್ತೆ, ಯಾವ ಕಡೆ ಎಸೆದೆ ಎಂದು ಕೇಳಿದೆ. ಕಣ್ಣು ಮುಚ್ಚಿ ಎಸೆದದ್ದು, ನನಗೇನು ಗೊತ್ತು ಎಂದಳು. ಆಮೇಲೆ ಏನೋ ಹೊಳೆದವಳಂತೆ ಎದ್ದು ಒಳಗೆ ಹೋಗಿ ಹುಣಸೆಬೀಜ ತಂದಳು. ಬೀದಿಗೆ ಇಳಿದು, ತಾನು ಯಾವಾಗಲೂ ನಿಲ್ಲುವ ಕಲ್ಲಿನ ಮೇಲೆ ನಮ್ಮ ಮನೆಗೆ ಬೆನ್ನು ಮಾಡಿ ನಿಂತಳು. ಸೆರಗು ಸಿಕ್ಕಿಸಿ, ಕಣ್ಣು ಮುಚ್ಚಿದಳು.

"ನಲವತ್ತು ವರ್ಷದಿಂದ ಒಂದೇ ಬೀಸು ಕಣೆ ಅಮ್ಮಿಣಿ," ಎಂದಳು. "ಈ ಬೀಜ ಎಲ್ಲಿ ನಿಲ್ತದೋ ನೋಡು."

ಬೀಜ ನನ್ನ ತಲೆಯ ಮೇಲೆ ಹಾದು, ಮನೆಯ ನೆತ್ತಿಗೆ ಸ್ವಲ್ಪ ಕೆಳಗೆ ಟಕ್ಕೆಂದು ಬಿದ್ದು, ಹೆಂಚಿನ ಕಾಲುವೆಯಲ್ಲಿ ಉರುಳಿ, ಒಂದು ಸೀಳಿದ ಹೆಂಚಿನ ತುಟಿಯಲ್ಲಿ ನಿಂತಿತು. ಇನ್ನೊಂದು ಎಸೆದಳು. ಅದೂ ಅಲ್ಲಿಗೇ, ಒಂದು ಗೇಣು ಆಚೆ. ನಾನು ಅಲ್ಲಿಗೆ ತೆವಳಿದೆ. ಎರಡು ಹುಣಸೆಬೀಜದ ಪಕ್ಕದಲ್ಲಿ, ಒದ್ದೆಯಾಗಿ, ಉದ್ದವಾದ ಬೇರಿನೊಂದಿಗೆ, ಅದು ಕೂತಿತ್ತು.

ಈ ಸಲ ನಾನು ಕೂಗಲಿಲ್ಲ. ಬೇರನ್ನು ಮುಟ್ಟದೆ, ಹೊಳೆಯುವ ತಲೆಯನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು ಏಣಿಗೆ ಬಂದೆ. ಅಮ್ಮ ಏಣಿಯ ಅರ್ಧದವರೆಗೆ ಹತ್ತಿ ಹಾಲಿನ ಲೋಟ ಹಿಡಿದು ನಿಂತಿದ್ದಳು. ಹಲ್ಲನ್ನು ಅದರೊಳಗೆ ಬಿಟ್ಟೆ.

ಕೊಯಮತ್ತೂರಿಗೆ ಹೋಗಲು ಎಷ್ಟು ಬೇಗವೆಂದರೂ ಒಂದು ಗಂಟೆ ಬೇಕು. ಹಾಲಿನಲ್ಲಿ ಹಾಗೇ ಒಯ್ಯಬಹುದು, ತಪ್ಪಿಲ್ಲ. ಆದರೆ ಈಗಲೇ ಗುಳಿಗೆ ಕೂರಿಸಿದರೆ ಹಲ್ಲು ಉಳಿಯುವ ಆಸೆ ಎಷ್ಟೋ ಹೆಚ್ಚು. ಕಾಲೇಜಿನಲ್ಲಿ ಇದನ್ನು ಮಾಡುವಾಗ ನನ್ನ ಹಿಂದೆ ಯಾರಾದರೂ ದೊಡ್ಡವರು ಇರುತ್ತಿದ್ದರು. ಇಲ್ಲಿ ನನ್ನ ಹಿಂದೆ ಇದ್ದದ್ದು ಗಂಜಿಕೈಯ ಅಪ್ಪ ಮತ್ತು ಇಡೀ ಬೀದಿ. ಮೇಡಂಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು, ಹಲ್ಲು ಕೈಯಲ್ಲಿದೆ, ಮಗು ಎದುರಿಗಿದೆ, ನನ್ನ ಜೊತೆ ಏಕೆ ಮಾತಾಡುತ್ತಿದ್ದೀಯ, ಕೂರಿಸಿ ಕರೆದುಕೊಂಡು ಬಾ ಎಂದು ಫೋನ್ ಇಟ್ಟರು.

ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಹುಡುಗಿ ನನ್ನ ಕೈ ನೋಡಿ ಹೆದರಿ ಬಾಯಿ ಮುಚ್ಚಿಕೊಂಡಳು. ನನ್ನ ಮುಂದೆ ಯಾರೂ ಬಾಯಿ ತೆರೆಯುವುದಿಲ್ಲ ಎಂದ ಅತ್ತೆಯ ಮಾತು ಆಗ ನೆನಪಾಗದೆ ಇರಲಿಲ್ಲ.

"ನೂಲು ಕಟ್ತೀಯಾ ಅಕ್ಕ?" ಎಂದಳು ಹುಡುಗಿ, ತುಟಿಯ ಸಂದಿಯಿಂದ.

ಕಟ್ಟುವುದಿಲ್ಲ, ನಿನ್ನ ಹಲ್ಲನ್ನು ಕೀಳುವುದಲ್ಲ, ಅದರ ಮನೆಗೆ ವಾಪಸ್ ಕಳಿಸುವುದು ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಆಗ ಅತ್ತೆ ಅವಳ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿ ಹೇಳಿದಳು: "ನನ್ ಕಣ್ಣೇ, ಬಾಯಿ ತೆಗಿ. ಈ ಕೆಲಸ ನಂಗ್ ಬರಲ್ಲ. ಅವಳಿಗ್ ಬರ್ತದೆ."

ಹುಡುಗಿ ಬಾಯಿ ತೆರೆದಳು.

ಹಲ್ಲನ್ನು ಹಾಲಿನಿಂದ ತೆಗೆದು, ಬೇರಿಗೆ ಅಂಟಿದ್ದ ಧೂಳು ಹೋಗುವಷ್ಟು ಮಾತ್ರ ನಲ್ಲಿಯ ಸಣ್ಣ ಧಾರೆಗೆ ಹಿಡಿದೆ. ತಿಕ್ಕಲಿಲ್ಲ. ಉಬ್ಬಿದ ಮೈ ಹೊರಗೆ, ತಗ್ಗಿದ ಮೈ ನಾಲಿಗೆಯ ಕಡೆಗೆ ಎಂದು ಪಕ್ಕದ ಹಲ್ಲನ್ನು ನೋಡಿ ಖಚಿತಮಾಡಿಕೊಂಡೆ. ಗುಳಿಗೆ ಇಟ್ಟು ಮೆಲ್ಲಗೆ ಒತ್ತಿದೆ. ಹುಡುಗಿ ಅತ್ತೆಯ ಕೈಗೆ ಉಗುರು ಊರಿದಳು. ಅತ್ತೆ ಕೈ ಎಳೆದುಕೊಳ್ಳಲಿಲ್ಲ. ಸ್ವಲ್ಪ ತಡೆದು, ಲಾಳಿ ತನ್ನ ಜಾಗಕ್ಕೆ ಬಂದು ಕೂತ ಹಾಗೆ, ಹಲ್ಲು ಒಳಗೆ ಕೂತಿತು. ನೋಡಿದರೆ ಎರಡು ಬಾಗಿಲೂ ಒಂದೇ ಎತ್ತರ. ಅಪ್ಪ ತೊಳೆದ ಮೆತ್ತನೆಯ ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟ. ಕಚ್ಚಿಕೊಂಡು ಇರು, ಬಿಡಬೇಡ ಎಂದೆ. ಮಾತಿನ ಮಲ್ಲಿ ಕೊಯಮತ್ತೂರು ಮುಟ್ಟುವವರೆಗೂ ಒಂದು ಮಾತಾಡಲಿಲ್ಲ. ಅದೇ ಆ ದಿನದ ದೊಡ್ಡ ಪವಾಡ ಎಂದು ಅವಳ ಅಮ್ಮ ಆಮೇಲೆ ಹೇಳಿದಳು.

ಸೀರೆ ಸಾಗಿಸುವ ವ್ಯಾನಿನಲ್ಲಿ ಹೋದೆವು. ಮೇಡಂ ಭಾನುವಾರವೂ ಬಂದು ಕಾಯುತ್ತಿದ್ದರು. ಎಕ್ಸ್‌ರೇ ತೆಗೆದು ನೋಡಿ, ನನ್ನನ್ನೇ ಕರೆದು, ಸರಿಯಾಗಿ ಕೂರಿಸಿದ್ದೀಯ, ಇನ್ನು ಅಲ್ಲಾಡದ ಹಾಗೆ ಕಟ್ಟು ಎಂದರು. ಕೂದಲಿಗಿಂತ ಸ್ವಲ್ಪ ದಪ್ಪನೆಯ ತಂತಿಯನ್ನು ಆ ಹಲ್ಲಿಗೂ ಅಕ್ಕಪಕ್ಕದ ಹಲ್ಲಿಗೂ ಸೇರಿಸಿ ಹಲ್ಲಿನ ಬಣ್ಣದ ಅಂಟಿನಲ್ಲಿ ಹಿಡಿಸಿದೆ. ಹೆಂಚಿನ ಧೂಳು ತಾಗಿದ್ದರಿಂದ ಟಿ.ಟಿ. ಇಂಜೆಕ್ಷನ್ ಹಾಕಿಸಿದರು, ಮಾತ್ರೆ ಕೊಟ್ಟರು, ಎರಡು ವಾರ ಗಂಜಿ, ಇಡ್ಲಿಯಂಥ ಮೆತ್ತನೆಯದ್ದೇ ತಿನ್ನಬೇಕೆಂದರು. ಬೇರು ಇನ್ನೂ ಪೂರ್ತಿ ಬೆಳೆಯದ ವಯಸ್ಸು, ಮತ್ತೆ ಜೀವ ಹಿಡಿಯಬಹುದು, ಹಿಡಿಯದಿದ್ದರೆ ಬೇರಿನ ಚಿಕಿತ್ಸೆ ಮಾಡೋಣ ಎಂದರು. ಅತ್ತೆ ಕುರ್ಚಿಯ ಪಕ್ಕ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ತಂತಿ ಕಟ್ಟುವುದು ಮುಗಿದ ಮೇಲೆ ನನ್ನ ಕಿವಿಯ ಬಳಿ ಬಂದು, ನಾನು ಕಟ್ಟುವುದು ಕೀಳಲಿಕ್ಕೆ, ನೀವು ಕಟ್ಟುವುದು ನಿಲ್ಲಿಸಲಿಕ್ಕೆ, ಅಷ್ಟೇ ಅಲ್ಲವೇ ವ್ಯತ್ಯಾಸ ಎಂದು ಕೇಳಿದಳು. ಅಷ್ಟೇ ಎಂದೆ. ಅಷ್ಟಕ್ಕೆ ಐದು ವರ್ಷ ಬೇಕು ಬಿಡು ಎಂದಳು.

ಅಪ್ಪನ ಆ ಪಾವಿನ ಕಥೆ ಬೇರೆ. ಗಂಜಿ ಒಣಗಿ ನೂಲೆಲ್ಲ ಬೆಸೆದುಕೊಂಡಿತ್ತು. ಬೀದಿಯವರೆಲ್ಲ ಕೂತು ಎಳೆ ಎಳೆ ಬಿಡಿಸಿದರು. ಎರಡು ದಿನ ಹಿಡಿಯಿತು.

ಎರಡು ವಾರದ ಮೇಲೆ ತಂತಿ ಬಿಚ್ಚಿದೆ. ಹಲ್ಲು ನಿಂತಿತ್ತು. ಶಾಲೆ ಶುರುವಾದ ಮೇಲೆ ಅವಳಮ್ಮ ತಿರುಪ್ಪೂರಿನಿಂದ ಬಸ್ಸಿನಲ್ಲಿ ಕರೆತಂದು ತೋರಿಸುತ್ತಿದ್ದಳು. ಪ್ರತಿ ಸಲ ಎಕ್ಸ್‌ರೇ ತೆಗೆದು ನೋಡುತ್ತಿದ್ದೆ. ಆರು ತಿಂಗಳಿಗೆ ಬೇರು ಇನ್ನಷ್ಟು ಬೆಳೆದಿದ್ದು ಕಂಡಿತು. ಅದು ಜೀವ ಹಿಡಿದಿದೆ ಎಂದು ಮೇಡಂ ಹೇಳಿದಾಗ ನಾನು ಕೈತೊಳೆಯುವ ಜಾಗಕ್ಕೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಕಾಲೇಜಿಗೆ ಸೇರಿದ ಮೇಲೆ ಇಂಗ್ಲಿಷ್ ಬಾರದೆ ಅತ್ತದ್ದು ಎಷ್ಟೋ ಸಲ. ಸಂತೋಷಕ್ಕೆ ಅತ್ತದ್ದು ಅದೊಂದೇ ಸಲ.

ಅತ್ತೆ ಕೆಲಸ ಬಿಡಲಿಲ್ಲ. ಆದರೆ ಜಗಲಿಯಲ್ಲಿ ಈಗ ವಿಚಾರಣೆ ನಡೆಯುತ್ತದೆ. ಮಗುವಿಗೆ ವಯಸ್ಸೆಷ್ಟು, ಹಲ್ಲು ಎಷ್ಟು ದಿನದಿಂದ ಅಲ್ಲಾಡುತ್ತಿದೆ, ತಾನಾಗಿ ಬಿತ್ತೋ ಪೆಟ್ಟು ತಗುಲಿ ಬಿತ್ತೋ. ಪೆಟ್ಟು ತಗುಲಿ ಬಿದ್ದದ್ದಾದರೆ ಹಾಲಿನ ಲೋಟ, ಆಮೇಲೆ ನನಗೆ ಫೋನು. ಒಂದು ಸಲ ನಾಲ್ಕು ವರ್ಷದ ಮಗು ಮೆಟ್ಟಿಲಿಂದ ಬಿದ್ದು ಹಲ್ಲು ಕಳೆದುಕೊಂಡಿತೆಂದು, ಹಲ್ಲನ್ನು ಹಾಲಿನಲ್ಲಿಟ್ಟು, ವ್ಯಾನು ತರಿಸಿ, ಬೀದಿಯನ್ನೆಲ್ಲ ಎಬ್ಬಿಸಿ ನನಗೆ ಫೋನ್ ಮಾಡಿದಳು. ಅದು ಹಾಲುಹಲ್ಲು, ಅದನ್ನು ಮತ್ತೆ ಕೂರಿಸಬಾರದು, ಕೂರಿಸಿದರೆ ಒಳಗಿರುವ ಹೊಸ ಹಲ್ಲಿಗೆ ಕೆಡುಕು, ಮಗುವನ್ನು ಮಾತ್ರ ಒಮ್ಮೆ ಡಾಕ್ಟರಿಗೆ ತೋರಿಸಿ ಎಂದೆ. ಹಾಗಾದರೆ ಈ ಹಲ್ಲು ಎಂದು ಕೇಳಿದಳು. ಎಸೆಯಬಹುದು ಎಂದೆ. ಫೋನಿನಲ್ಲೇ ಅವಳ ಸಂತೋಷ ಕೇಳಿಸಿತು. ಬಹಳ ದಿನವಾಗಿತ್ತು ಅವಳು ಎಸೆದು.

ಪದವಿ ಪ್ರದಾನದ ದಿನ ಮನೆಯವರೆಲ್ಲ ಬಂದರು. ಅಮ್ಮ ಮತ್ತು ಅತ್ತೆ ಇಬ್ಬರೂ ಉಟ್ಟಿದ್ದು ಅಪ್ಪ ನೇಯ್ದ ಹತ್ತಿಸೀರೆ. ಪಾವು ಬೆಸೆದುಕೊಂಡು ಬೀದಿಯವರೆಲ್ಲ ಬಿಡಿಸಿದ ನೂಲಿನದು. ಅಲ್ಲಲ್ಲಿ ಗಂಟು ಉಳಿದು ಅಂಗಡಿಯವರು ಬೇಡವೆಂದರು, ಮನೆಗೇ ಉಳಿಯಿತು. ಕಪ್ಪು ನಿಲುವಂಗಿ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದಾಗ ಸಭೆಯ ಕೊನೆಯಲ್ಲಿ ಹುಡುಗಿ ಕುರ್ಚಿಯ ಮೇಲೆ ಹತ್ತಿ ನಿಂತು ನನಗೆ ಹಲ್ಲು ತೋರಿಸುತ್ತಿದ್ದಳು. ನಕ್ಕು ತೋರಿಸುವುದಲ್ಲ, ತುಟಿ ಎರಡು ಬೆರಳಲ್ಲಿ ಎತ್ತಿ ತೋರಿಸುವುದು. ನನ್ನ ಹೆಸರು ಕೂಗಿದರು. ವೇದಿಕೆ ಹತ್ತಿದೆ. ಕೊಡುವವರು ಏನೋ ಇಂಗ್ಲಿಷಿನಲ್ಲಿ ಹೇಳಿದರು. ಅರ್ಥವಾಯಿತು. ಇಂಗ್ಲಿಷಿನಲ್ಲೇ ಉತ್ತರ ಹೇಳಿ, ಪ್ರಮಾಣಪತ್ರವನ್ನು ಎರಡು ಕೈಯಲ್ಲಿ ತೆಗೆದುಕೊಂಡೆ.

ಹೊರಗೆ ಬೇವಿನ ಮರದ ಕೆಳಗೆ ಅದನ್ನು ಅಪ್ಪನಿಗೆ ಕೊಟ್ಟೆ. ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು, ಸೀರೆಯ ಅಂಚು ನೋಡುವ ಹಾಗೆ ಅಂಚಿನಿಂದ ಅಂಚಿಗೆ ನೋಡಿದ. ಇಂಗ್ಲಿಷ್ ಓದಲು ಬರುವುದಿಲ್ಲ, ಆದರೂ ನನ್ನ ಹೆಸರಿರುವ ಜಾಗ ಯಾವುದೆಂದು ಕೇಳಿ ತಿಳಿದುಕೊಂಡ. ಅಮ್ಮ ಕಣ್ಣಿಗೊತ್ತಿಕೊಂಡಳು. ಆಮೇಲೆ ಅದನ್ನು ಅತ್ತೆಯ ಕಡೆಗೆ ಚಾಚಿದೆ. ಅತ್ತೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ ಕೈಗೆ ಕೊಡ್ಬೇಡ ಅಮ್ಮಿಣಿ," ಎಂದಳು. "ಅಭ್ಯಾಸದ ಮೇಲೆ ಎಸೆದುಬಿಟ್ಟೇನು. ಮತ್ತೆ ಬರೋದಲ್ಲ ಇದು."